ಮೂವತ್ತೈದರ ಮೇಲೆ ಏಳು ಕುದುರೆ

ಹೋದ ವಾರ ವಿನೋಬನಗರದ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ನನ್ನ ಸರದಿಗಾಗಿ ಕಾಯುತ್ತ ಕೂತಿದ್ದೆ. ಅಲ್ಲಿನ ಕುರ್ಚಿಗಳು ಬಿಡಿಬಿಡಿಯಾದವಲ್ಲ. ಒಂದೇ ಕಬ್ಬಿಣದ ಪಟ್ಟಿಗೆ ಐದು ಕುರ್ಚಿ ಬಿಗಿದ ಸಾಲು. ಈ ತುದಿಯಲ್ಲಿ ನಾನು, ಆ ತುದಿಯಲ್ಲಿ ಕೆನ್ನೆಗೆ ಸೆರಗು ಒತ್ತಿಕೊಂಡ ಒಬ್ಬ ಅಜ್ಜಿ. ಸ್ವಲ್ಪ ಹೊತ್ತಾದ ಮೇಲೆ ಅಜ್ಜಿ ನನ್ನ ಕಡೆ ತಿರುಗಿ, ಬಾಯಿ ಪೂರ್ತಿ ತೆರೆಯಲಾಗದೆ, "ಏನಪ್ಪಾ, ಆ ಎಂಜಿನ್ ಸ್ವಲ್ಪ ಆಫ್ ಮಾಡ್ತೀಯಾ? ನನ್ನ ಹಲ್ಲಿಗೆ ಬಡೀತಿದೆ" ಎಂದರು.

ನೋಡಿಕೊಂಡರೆ, ನನ್ನ ಬಲಗಾಲು ತನ್ನ ಪಾಡಿಗೆ ತಾನು ಅಲ್ಲಾಡುತ್ತಿತ್ತು. ಅದರ ಜೊತೆಗೆ ಐದೂ ಕುರ್ಚಿಗಳು ಅಲ್ಲಾಡುತ್ತಿದ್ದವು. ನಡುವೆ ಕೂತಿದ್ದ ಮೂವರು ಸಂಕೋಚಕ್ಕೆ ಸುಮ್ಮನಿದ್ದರು, ಅಷ್ಟೇ. ನಾನು ಮಂಡಿಯನ್ನು ಎರಡೂ ಕೈಯಿಂದ ಒತ್ತಿ ಹಿಡಿದೆ.

ಇದು ಇವತ್ತಿನ ಚಟವಲ್ಲ. ಕೂತಲ್ಲಿ ಕಾಲು ಅಲ್ಲಾಡಿಸಿದರೆ ಮನೆಯ ಸಿರಿ ಉದುರಿ ಹೋಗುತ್ತದೆ ಎಂದು ಅಮ್ಮ ಈ ಮಂಡಿಗೆ ಸೌಟಿನಿಂದ ಎಷ್ಟು ಸಲ ಕೊಟ್ಟಿದ್ದರೋ ಲೆಕ್ಕವಿಲ್ಲ. ಹೆಂಡತಿ ಊಟದ ಮೇಜಿನ ಮೇಲೆ ಸಾರಿನ ಪಾತ್ರೆಯನ್ನು ನನ್ನಿಂದ ಆದಷ್ಟು ದೂರದ ಮೂಲೆಯಲ್ಲಿ ಇಡುತ್ತಾಳೆ. ಶಿವಮೊಗ್ಗದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತ ಕೂದಲು ನರೆತಿದೆ. ಒಂದು ದಿನವೂ ಕುರ್ಚಿಯಲ್ಲಿ ಕೂತು ಪಾಠ ಮಾಡಿದವನಲ್ಲ. ಜಡತ್ವ ಎಂದರೇನು ಎಂಬುದನ್ನು ಕರಿಹಲಗೆಯ ಈ ತುದಿಯಿಂದ ಆ ತುದಿಗೆ ಓಡಾಡುತ್ತ ವಿವರಿಸುವ ಮನುಷ್ಯ ನಾನು.

ಕಾಲಿನ ವಿಷಯಕ್ಕೆ ಬೈಸಿಕೊಂಡದ್ದು ಹೊಸದೇನಲ್ಲ. ಆದರೆ ಅಜ್ಜಿಯ ಬಾಯಲ್ಲಿ ಬಂದ 'ಎಂಜಿನ್' ಎಂಬ ಮಾತು ಮಾತ್ರ ಹಲ್ಲುನೋವಿಗಿಂತ ಹೆಚ್ಚು ಕುಟುಕಿತು. ಒಂದು ಎಂಜಿನ್ನನ್ನು ನಾನು ನನ್ನ ಕೈಯಾರೆ ಹಾಳು ಮಾಡಿದ್ದೇನೆ. ಅದೂ ಅಕ್ಕನ ಟ್ರ್ಯಾಕ್ಟರಿನದು. ಸರದಿ ಬರುವವರೆಗೂ ಅದನ್ನೇ ನೆನೆಯುತ್ತ ಕೂತಿದ್ದೆ; ಹಲ್ಲು ಕೀಳಿಸಿಕೊಂಡು ಬಂದ ಮೇಲೂ ಅದು ಹೋಗಿಲ್ಲ. ನಿಮಗೆ ಹೇಳಿಬಿಟ್ಟರೆ ಹೋದೀತೇನೋ.

ನಮ್ಮ ಜಮೀನಿರುವುದು ಭದ್ರಾವತಿಯಿಂದ ಆಚೆ, ಭದ್ರಾ ನಾಲೆಯ ನೀರು ಹರಿಯುವ ಬಯಲಿನಲ್ಲಿ. ನಾನು ಐದನೇ ಕ್ಲಾಸಿನಲ್ಲಿದ್ದಾಗ ಅಪ್ಪ ಅಲ್ಲಿಗೊಂದು ಟ್ರ್ಯಾಕ್ಟರ್ ತಂದರು. ಆಗಲೇ ಅದು ಇನ್ನೊಬ್ಬರ ಕೈಯಲ್ಲಿ ದುಡಿದು ಬಂದದ್ದು, ಕೆಂಪು ಬಣ್ಣ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಆದರೂ ಅಪ್ಪ ಅದರ ಬಾನೆಟ್ಟಿನ ಮೇಲೆ ಕೈಯಿಟ್ಟು, "ಇದರೊಳಗೆ ಮೂವತ್ತೈದು ಕುದುರೆ ಇದಾವೆ ಕಣ್ರೋ" ಎಂದರು. ನಾನು ನಂಬಿದೆ. ಅಷ್ಟು ಕುದುರೆಗಳು ಒಳಗೆ ಏನು ತಿನ್ನುತ್ತವೆ ಎಂಬ ಚಿಂತೆಗೆ ಎರಡು ದಿನ ಊಟ ಸೇರಲಿಲ್ಲ. ಮೂರನೇ ದಿನ ಕಣಜದಿಂದ ಎರಡು ಬೊಗಸೆ ಹುರುಳಿ ತಂದು, ಚಿಮಣಿಯಂತೆ ನೆಟ್ಟಗೆ ನಿಂತಿದ್ದ ಸೈಲೆನ್ಸರಿನ ಬಾಯಿಗೆ ಸುರಿದೆ. ಮಾರನೆಯ ಬೆಳಿಗ್ಗೆ ಅಪ್ಪ ಸ್ಟಾರ್ಟ್ ಮಾಡಿದಾಗ ಹುರುಳಿ ಬಂದೂಕಿನ ಚರೆಯಂತೆ ಆಕಾಶಕ್ಕೆ ಹಾರಿ, ದನದ ಕೊಟ್ಟಿಗೆಯ ಹಂಚಿನ ಮೇಲೆ ಪಟಪಟ ಉದುರಿತು. ಊರಿನ ಕಾಗೆಗಳೆಲ್ಲ ಬಂದವು. ಯಾರು ಮಾಡಿದ್ದು ಎಂದು ಅಪ್ಪ ಕೇಳಲಿಲ್ಲ; ನೇರವಾಗಿ ನನ್ನ ಹೆಸರನ್ನೇ ಕೂಗಿದರು. ನನಗಿಂತ ನಾಲ್ಕು ವರ್ಷ ದೊಡ್ಡವಳಾದ ಗಿರಿಜಕ್ಕ ಕಂಬ ಹಿಡಿದುಕೊಂಡು ನಗುತ್ತ, "ಅಪ್ಪಾ, ಕುದುರೆಗಳಿಗೆ ಭೇದಿ ಆಗಿದೆ" ಎಂದಳು.

ಕುದುರೆಗಳ ನಿಜವಾದ ಯೋಗ್ಯತೆ ಗೊತ್ತಾಗುತ್ತಿದ್ದದ್ದು ನಾಲೆಯ ಸೇತುವೆಯ ಏರಿನಲ್ಲಿ. ಭತ್ತದ ಮೂಟೆ ತುಂಬಿಕೊಂಡು ಭದ್ರಾವತಿಯ ಮಿಲ್ಲಿಗೆ ಹೋಗಬೇಕಾದರೆ ಆ ಸೇತುವೆ ದಾಟಲೇಬೇಕು. ರಸ್ತೆ ಅಲ್ಲಿ ಒಮ್ಮೆಗೇ ಕತ್ತು ಎತ್ತಿದಂತೆ ಮೇಲೇರುತ್ತದೆ. ಏರಿನ ನಡುವೆ ನಮ್ಮ ಟ್ರ್ಯಾಕ್ಟರ್ ಕಪ್ಪು ಹೊಗೆ ಬಿಟ್ಟು, ಮುದುಕರು ಮೆಟ್ಟಿಲ ಮೇಲೆ ನಿಲ್ಲುವಂತೆ ನಿಂತುಬಿಡುತ್ತಿತ್ತು. "ಇಳೀರೋ ಎಲ್ರೂ!" ಎಂದು ಅಪ್ಪ ಕೂಗುತ್ತಿದ್ದರು. ಮೂಟೆಗಳ ಮೇಲೆ ರಾಜಕುಮಾರನಂತೆ ಕೂತಿದ್ದ ನಾನು ಇಳಿದು ತಳ್ಳಬೇಕು. ಹಿಂದೆ ಬಸ್ಸು ಬಂದು ಹಾರ್ನ್ ಹೊಡೆಯುತ್ತ ನಿಲ್ಲುತ್ತಿತ್ತು. ಅದು ನಮ್ಮ ಸ್ಕೂಲಿನ ಕಡೆ ಹೋಗುವ ಬಸ್ಸು. ಒಳಗಿರುವವರಿಗೆ ಗುರುತು ಸಿಗದಿರಲಿ ಎಂದು ನಾನು ತಲೆಗೆ ಟವಲ್ ಹೊದ್ದು, ಯಾರೋ ಕೂಲಿಯಾಳಿನಂತೆ ಟ್ರೈಲರಿನ ಆಚೆ ಮಗ್ಗುಲಿಗೆ ಸರಿಯುತ್ತಿದ್ದೆ. ಒಂದು ಸಲ ನಮ್ಮ ಕ್ಲಾಸ್ ಮೇಷ್ಟ್ರೇ ಬಸ್ಸಿನ ಕಿಟಕಿಯಿಂದ ತಲೆ ಹೊರಹಾಕಿ, "ಪರಮೇಶೀ, ಜೋರಾಗಿ ತಳ್ಳೋ!" ಎಂದರು. ಬಸ್ಸಿಗೆ ಬಸ್ಸೇ ನಕ್ಕಿತು. ಆ ವರ್ಷ ಮುಗಿಯುವವರೆಗೂ ಸ್ಕೂಲಿನಲ್ಲಿ ನನ್ನ ಹೆಸರು 'ತಳ್ಳೋ' ಎಂದೇ ಆಗಿತ್ತು.

ನಾನು ಓದಿ ಶಿವಮೊಗ್ಗ ಸೇರಿದೆ. ಅಕ್ಕ ಮದುವೆ ಬೇಡ ಎಂದಳು, ಜಮೀನು ಬೇಕು ಎಂದಳು. ಅಪ್ಪನ ನಂತರ ಬೇಸಾಯವೂ ಆ ಟ್ರ್ಯಾಕ್ಟರೂ ಅವಳದ್ದೇ ಆದವು. ಸೀರೆಯ ಮೇಲೆ ತೋಳುದ್ದದ ಅಂಗಿ ತೊಟ್ಟು, ಗೇರು ಬದಲಿಸುವಾಗ ನಾಲಿಗೆಯನ್ನು ಹಲ್ಲಿನ ನಡುವೆ ಸಿಕ್ಕಿಸಿಕೊಂಡು ಅವಳು ಓಡಿಸುವುದನ್ನು ನೋಡಲು ಹೊರಗಿನವರು ನಿಲ್ಲುತ್ತಾರೆ. ನಮ್ಮ ಕಡೆಯವರಿಗೆ ಅದು ಹಳೆಯದಾಗಿದೆ.

ಹೋದ ವರ್ಷ ಬೇಸಿಗೆಯ ಭತ್ತ ಕೊಯ್ದಾಗ ನಾನು ರಜೆಯ ಮೇಲೆ ಅಲ್ಲಿದ್ದೆ. ಮೂಟೆಗಳ ಮೇಲೆ ಕೂತಿದ್ದೆ. ಅದೇ ಏರು, ಅದೇ ಜಾಗ, ಟ್ರ್ಯಾಕ್ಟರ್ ನಿಂತಿತು. ಈಗ ತಳ್ಳಲು ಯಾರೂ ಇರಲಿಲ್ಲ. ಹಿಂದಿನಿಂದ ನಂದೀಶ ಎಂಬ ನಮ್ಮೂರಿನ ಯುವಕ ತನ್ನ ಹೊಸ ದೊಡ್ಡ ಟ್ರ್ಯಾಕ್ಟರಿನಲ್ಲಿ ಬಂದ. ಚೈನು ಕಟ್ಟಿ ನಮ್ಮನ್ನು ಲೋಡಿನ ಸಮೇತ ಎಳೆದು ಸೇತುವೆಯ ಮೇಲೆ ಬಿಟ್ಟ. ಚೈನು ಬಿಚ್ಚುತ್ತ, ಮರ್ಯಾದೆಯಿಂದಲೇ, "ಅಕ್ಕೋರೇ, ಇದನ್ನ ಮನೆ ಮುಂದೆ ಪೂಜೆಗೆ ಇಟ್ಕಳಿ. ಕೆಲಸಕ್ಕೆ ನನ್ನ ಕರೀರಿ" ಎಂದ. ಅಕ್ಕ ನಕ್ಕಳು. ನನ್ನ ತಲೆಯ ಮೇಲೆ ಟವಲ್ ಇಲ್ಲದಿದ್ದರೂ ಕೈ ಅದನ್ನು ಎಳೆದುಕೊಳ್ಳಲು ಹೋಯಿತು.

ಅವತ್ತಿನಿಂದ ನನಗೆ ಕೂತರೆ ನಿಂತರೆ ಒಂದೇ ಯೋಚನೆ. ಒಂದೇ ಒಂದು ಸಲ, ತುಂಬಿದ ಲೋಡಿನೊಂದಿಗೆ, ಯಾರನ್ನೂ ಇಳಿಸದೆ, ಆ ಟ್ರ್ಯಾಕ್ಟರ್ ಆ ಏರನ್ನು ಹತ್ತಬೇಕು.

"ಅಕ್ಕ, ಈ ಎಂಜಿನ್ ಶಕ್ತಿ ಹೆಚ್ಚಿಸಬಹುದು," ಎಂದೆ. "ಇದೇ ಬ್ಲಾಕಿಗೆ ದೊಡ್ಡ ಮಾಡೆಲಿನ ಪಿಸ್ಟನ್ ಕೂರ್ಸಿ, ಡೀಸೆಲ್ ಪಂಪಿಂದ ಸ್ವಲ್ಪ ಜಾಸ್ತಿ ಬಿಟ್ರೆ ಸಾಕು."

"ನೀನು ಬಿಚ್ಚಿದ ರೇಡಿಯೋ ಇನ್ನೂ ಅಟ್ಟದ ಮೇಲಿದೆ," ಎಂದಳು ಅಕ್ಕ.

"ಅದು ಚಿಕ್ಕೋನಿದ್ದಾಗ."

"ಗ್ರೈಂಡರು? ಅದು ಹೋದ ವರ್ಷ."

ಮೂರು ದಿನ ನಾನು ಅವಳ ಹಿಂದೆ ಮುಂದೆ ಸುತ್ತಿದೆ. ಕಡೆಗೆ ಅವಳಿಗೇ ಸಾಕಾಯಿತು. "ಸರಿ ಮಾರಾಯ, ತಗೊಂಡು ಹೋಗು. ಆದ್ರೆ ಚಾನಲ್‌ಗೆ ನೀರು ಬಿಡೋ ಹೊತ್ತಿಗೆ ಇದು ನನ್ನ ಗದ್ದೇಲಿ ಇರ್ಬೇಕು. ಮಡೀಲಿರೋ ಸಸಿ ನಿನ್ನ ಫಿಸಿಕ್ಸ್‌ಗೆ ಕಾಯಲ್ಲ."

ಭದ್ರಾವತಿಯ ಹಳೇನಗರದಲ್ಲಿ ಆರ್ಮುಗಣ್ಣ ಎಂಬ ಟರ್ನರ್ ಇದ್ದಾರೆ. ಕಾರ್ಖಾನೆಯ ಕೆಲಸದಲ್ಲಿದ್ದಷ್ಟು ಕಾಲ ಕಾಗದನಗರದ ಕ್ವಾರ್ಟರ್ಸಿನಲ್ಲಿದ್ದು, ಕೆಲಸ ಮುಗಿದ ಮೇಲೆ ಒಂದು ತಗಡಿನ ಶೆಡ್ಡು ಹಾಕಿಕೊಂಡು, ಅದರ ನಡುವೆ ಕಬ್ಬಿಣ ಕಡೆಯುವ ಒಂದು ಲೇತ್ ನಿಲ್ಲಿಸಿಕೊಂಡವರು. ಎತ್ತರದ ತೆಳ್ಳಗಿನ ಮನುಷ್ಯ; ಹಣೆಯ ವಿಭೂತಿಯ ಮೇಲೂ ಸ್ವಲ್ಪ ಗ್ರೀಸ್ ಇರುತ್ತದೆ. ನಾನು ಟ್ರ್ಯಾಕ್ಟರ್ ಒಯ್ದ ದಿನ ಅವರು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿದ್ದ ಎಂಜಿನ್ನಿಗೆ ಆನಿಸಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು, ಕಣ್ಣು ಮುಚ್ಚಿ ನಿಂತರು. ಮೊದಲನೆಯ ಸಿಲಿಂಡರ್, ಎರಡನೆಯದು, ಮೂರನೆಯದು.

"ಎರಡನೇದು ಕೆಮ್ಮುತ್ತೆ," ಎಂದರು. "ಎಷ್ಟು ಕುದುರೆ ಬೇಕು ಸಾರ್?"

"ಐವತ್ತು."

ಅವರು ಕಣ್ಣು ತೆರೆದರು. "ಗೇರ್‌ಬಾಕ್ಸು ಮೂವತ್ತೈದಕ್ಕೆ ಸಂಸಾರ ಮಾಡಿ ಅಭ್ಯಾಸ ಆಗಿರೋದು. ಐವತ್ತು ತಂದು ಕೂರ್ಸಿದ್ರೆ ಮನೆ ಮುರಿಯುತ್ತೆ. ನಲವತ್ತೆರಡು ಮಾಡಿಕೊಡ್ತೀನಿ. ಮೇಲೆ ಕೇಳ್ಬೇಡಿ."

ಆಮೇಲೆ ಶುರುವಾಯಿತು ನೋಡಿ ನನ್ನ ಶಿಕ್ಷೆ. ಆರ್ಮುಗಣ್ಣ ದಿನಕ್ಕೆ ಒಂದೇ ಕೆಲಸ ಮಾಡುವವರು. ಹೆಡ್ ಬಿಚ್ಚಿದ ದಿನ ಹೆಡ್ ಮಾತ್ರ. ಕ್ರ್ಯಾಂಕ್ ಇಳಿಸಿದ ದಿನ ಅದನ್ನು ಒರೆಸಿ, ಹಾಸಿಗೆಯ ಮೇಲೆ ಮಗುವನ್ನು ಮಲಗಿಸಿದಂತೆ ಗೋಣಿಯ ಮೇಲೆ ಮಲಗಿಸಿ, ಟೀ ಕುಡಿಯಲು ಹೋದರು. ನಾನು ಕಾಲೇಜು ಮುಗಿಸಿ ಸ್ಕೂಟರಿನಲ್ಲಿ ಭದ್ರಾವತಿಗೆ ಹಾರುತ್ತಿದ್ದೆ. ಶೆಡ್ಡಿನೊಳಗೆ ಕಾಲಿಡುತ್ತಲೇ "ಏನಾಯ್ತು?" ಎನ್ನುತ್ತಿದ್ದೆ. ಒಂದು ಬೋಲ್ಟು ಎತ್ತಿ ನೋಡಿ ಇನ್ನೊಂದು ಕಡೆ ಇಡುತ್ತಿದ್ದೆ. ಒಂದು ದಿನ ಅವರು ಅಳತೆ ತೆಗೆಯುತ್ತಿದ್ದವರು ಕೈ ನಿಲ್ಲಿಸಿ, "ಸಾರ್, ನೀವು ಒಳಗೆ ಬಂದ್ರೆ ನನ್ನ ಮೈಕ್ರೋಮೀಟರ್ ಮುಳ್ಳೂ ನಡುಗುತ್ತೆ. ಏನಾದ್ರೂ ಕೆಲಸ ಮಾಡಿ," ಎಂದರು. ಅದಕ್ಕೆ ಮುಳ್ಳೇ ಇರುವುದಿಲ್ಲ ಎಂದು ಹೇಳುವ ಧೈರ್ಯ ಭೌತಶಾಸ್ತ್ರದವನಿಗೂ ಆಗಲಿಲ್ಲ.

ಕೊಟ್ಟ ಕೆಲಸವೆಂದರೆ ವಾಲ್ವ್ ತಿಕ್ಕುವುದು. ವಾಲ್ವಿನ ಅಂಚಿಗೆ ಮರಳಿನಂಥ ಪೇಸ್ಟು ಹಚ್ಚಿ, ರಬ್ಬರಿನ ಬಟ್ಟಲಿರುವ ಕೋಲನ್ನು ಅದಕ್ಕೆ ಅಂಟಿಸಿ, ಎರಡು ಅಂಗೈ ನಡುವೆ ಕಡೆಗೋಲಿನಂತೆ ಹಿಂದಕ್ಕೂ ಮುಂದಕ್ಕೂ ಹೊರಳಿಸಬೇಕು. ಅಂಚು ತನ್ನ ಪೀಠದಲ್ಲಿ ಗಾಳಿಯಾಡದಂತೆ ಕೂರುವವರೆಗೂ ಅಷ್ಟೇ ಕೆಲಸ. ಆರು ವಾಲ್ವುಗಳನ್ನು ಒಂದೇ ಸಂಜೆ ಮುಗಿಸಿ ಹೆಮ್ಮೆಯಿಂದ ತೋರಿಸಿದೆ. ಅವರು ಒಂದು ಲೋಟ ಸೀಮೆಎಣ್ಣೆ ತಂದು ಒಳಗೆ ಸುರಿದರು. ಆರರಲ್ಲಿ ನಾಲ್ಕರ ಅಂಚಿನಿಂದ ಎಣ್ಣೆ ಜಿನುಗಿತು. ಬೈಯಲಿಲ್ಲ, ಪೇಸ್ಟಿನ ಡಬ್ಬಿಯನ್ನು ನನ್ನ ಕಡೆ ತಳ್ಳಿದರು. ಮತ್ತೆ ನಾಲ್ಕು ಸಂಜೆ ಬೇಕಾಯಿತು.

ಎಂಜಿನ್ ಮೊದಲ ಸಲ ಹೊತ್ತಿಕೊಂಡ ದಿನ ನಾನು ಕಾಲೇಜಿಗೆ ಅರ್ಧ ದಿನ ರಜೆ ಹಾಕಿದ್ದೆ. ಬಿಳಿ ಹೊಗೆ ಬಂತು, ಒಂದೆರಡು ಸಲ ಸೀನಿತು, ಆಮೇಲೆ ಹಿಡಿದುಕೊಂಡಿತು. ಹಳೆಯ ದಡಬಡ ಇರಲಿಲ್ಲ. ತಗಡಿನ ಗೋಡೆ, ಎದುರಿನ ಟೀ ಅಂಗಡಿಯ ಗ್ಲಾಸುಗಳು, ನನ್ನ ಎದೆಯ ಗೂಡು ಎಲ್ಲವೂ ಒಂದೇ ತಾಳದಲ್ಲಿ ಗುಮ್ಮೆನ್ನುತ್ತಿದ್ದವು. ನನ್ನ ಕಣ್ಣು ತುಂಬಿದ್ದನ್ನು ಹೊಗೆಯ ಮೇಲೆ ಹಾಕಿದೆ.

ಆರ್ಮುಗಣ್ಣ ಡೀಸೆಲ್ ಪಂಪಿನ ಸ್ಕ್ರೂವನ್ನು ಒಂದು ಜಾಗಕ್ಕೆ ನಿಲ್ಲಿಸಿ, ಅದರ ಮೇಲೆ ಹಳದಿ ಪೇಂಟಿನ ಒಂದು ಚುಕ್ಕೆ ಇಟ್ಟರು. "ಇದು ನಾನು ನಿಲ್ಲಿಸಿದ ಜಾಗ. ಇನ್ನು ಐವತ್ತು ಗಂಟೆ ಇದು ಬಾಣಂತಿ ಸಾರ್. ಓಡಾಡ್ಲಿ, ಭಾರ ಎತ್ತಿಸ್ಬೇಡಿ. ಪಿಸ್ಟನ್ನಿಗೆ ಹೊಸ ರಿಂಗು, ಸಿಲಿಂಡರಿಗೆ ಹೊಸ ಗೋಡೆ; ಒಂದಕ್ಕೊಂದು ಪರಿಚಯ ಆಗ್ಬೇಕು. ಐವತ್ತು ಆದ್ಮೇಲೆ ನನ್ನ ಹತ್ರ ಬನ್ನಿ."

"ಆಯ್ತಣ್ಣ," ಎಂದೆ. ಹೇಳುವಾಗ ನಿಜವಾಗಿಯೂ ಹಾಗೇ ಅಂದುಕೊಂಡಿದ್ದೆ.

ಐವತ್ತರಲ್ಲಿ ಒಂಬತ್ತು ಗಂಟೆ ಆಗಿತ್ತು. ಅವತ್ತು ನೆಂಟರೊಬ್ಬರ ಗೃಹಪ್ರವೇಶಕ್ಕೆಂದು ಅಕ್ಕ ಶಿವಮೊಗ್ಗಕ್ಕೆ ಹೋಗಿದ್ದಳು. ಟ್ರ್ಯಾಕ್ಟರಿಗೆ ಗಂಟೆ ಕೂಡಿಸುವ ನೆವದಲ್ಲಿ ನಾನು ಜಮೀನಿನಲ್ಲೇ ಉಳಿದೆ. ಕೊಟ್ಟಿಗೆಯ ಹಿಂದೆ ಅಕ್ಕ ಗೊಬ್ಬರ ತುಂಬಿಸಿ ನಿಲ್ಲಿಸಿದ್ದ ಟ್ರೈಲರ್ ಇತ್ತು. ನಂದೀಶ ಬಂದು ಎಳೆಯಬೇಕಾಗಿದ್ದದ್ದು. ನಾನು ಅದರ ಸುತ್ತ ಒಂದು ಸುತ್ತು ಬಂದೆ. ಕಾಫಿ ಮಾಡಿಕೊಂಡು ಕುಡಿದೆ. ಮತ್ತೊಂದು ಸುತ್ತು ಬಂದೆ. ಬರೀ ಕೊಂಡಿ ಹಾಕಿ ನೋಡೋಣ ಎಂದು ಕೊಂಡಿ ಹಾಕಿದೆ. ಬರೀ ರಸ್ತೆಯವರೆಗೆ ಎಂದು ರಸ್ತೆಗೆ ತಂದೆ. ರಸ್ತೆಯಲ್ಲಿ, ಇಷ್ಟು ಚೆನ್ನಾಗಿ ಎಳೆಯುತ್ತಿದೆಯಲ್ಲ ಎನ್ನಿಸಿ, ಇಳಿದು, ಪಂಪಿನ ಸ್ಕ್ರೂವನ್ನು ಅರ್ಧ ಸುತ್ತು ತಿರುಗಿಸಿದೆ. ಹಳದಿ ಚುಕ್ಕೆ ಬಿರುಕು ಬಿಟ್ಟಿತು. ಸತ್ಯ ಹೇಳುತ್ತೇನೆ, ಆ ಬಿರುಕನ್ನು ನಾನು ನೋಡಿದೆ.

ಏರು ಬಂತು. ಟ್ರ್ಯಾಕ್ಟರ್ ನಿಲ್ಲಲಿಲ್ಲ! ಕಪ್ಪು ಹೊಗೆಯ ಕಂಬ ಎಬ್ಬಿಸಿಕೊಂಡು, ನಲವತ್ತು ವರ್ಷದಿಂದ ನಿಲ್ಲುತ್ತಿದ್ದ ಜಾಗವನ್ನು ದಾಟಿಕೊಂಡು ಹೋಯಿತು. ನಾನು ಸೀಟಿನಿಂದ ಎದ್ದು ನಿಂತು ಏನೋ ಕೂಗಿದೆ. ಮುಂದಿನ ಚಕ್ರ ಸೇತುವೆಯ ಮೇಲಿನ ಸಮತಟ್ಟಿಗೆ ಬಂತು, ಹಿಂದಿನ ಚಕ್ರವೂ ಬಂತು, ಟ್ರೈಲರೂ ಬಂತು. ಆಗ ಕೂಗುತ್ತಿದ್ದ ಎಂಜಿನ್ನಿನ ಕೊರಳನ್ನು ಯಾರೋ ಒಳಗಿನಿಂದ ಹಿಸುಕಿದಂತಾಯಿತು. ಒಂದು ಕೀರಲು ದನಿ, ಒಂದು ಜಗ್ಗು, ಅಷ್ಟೇ. ನಿಂತಿತು. ಕೀಲಿ ತಿರುಗಿಸಿದರೆ 'ಟಕ್' ಎಂದಿತೇ ಹೊರತು ಒಳಗೆ ಏನೂ ತಿರುಗಲಿಲ್ಲ. ಸುಟ್ಟ ಎಣ್ಣೆಯ ವಾಸನೆ ಮೇಲೆದ್ದಿತು. ಕೆಳಗೆ ಖಾಲಿ ನಾಲೆ.

ಹಿಂದೆ ಬಸ್ಸು ಬಂದು ನಿಂತು ಹಾರ್ನ್ ಹೊಡೆಯಿತು. ಕಿಟಕಿಯಿಂದ ಯಾರೋ, "ಮೇಷ್ಟ್ರೇ, ಗೊಬ್ಬರ ಎಲ್ಲಿಗೆ?" ಎಂದು ಕೇಳಿದರು. ಸೇತುವೆಯಾಚೆ ನಮ್ಮದೊಂದು ಗೇಣು ಜಮೀನೂ ಇಲ್ಲ.

ನಂದೀಶನಿಗೇ ಫೋನು ಮಾಡಬೇಕಾಯಿತು. ಅವನು ಬಂದು, ಟ್ರೈಲರನ್ನು ಮೊದಲು ಬದಿಗೆ ಎಳೆದು, ಟ್ರ್ಯಾಕ್ಟರನ್ನು ಹಳೇನಗರದ ಶೆಡ್ಡಿನವರೆಗೆ ಕಟ್ಟಿಕೊಂಡು ಹೋದ. ಈ ಸಲ ಅವನು ತಮಾಷೆ ಮಾಡಲಿಲ್ಲ. ತಮಾಷೆ ಮಾಡಿದ್ದರೆ ಚೆನ್ನಾಗಿತ್ತು.

ಆರ್ಮುಗಣ್ಣ ಮಾರನೆಯ ದಿನ ಹೆಡ್ ಬಿಚ್ಚಿ ಒಳಗೆ ಟಾರ್ಚು ಬಿಟ್ಟು ನೋಡಿದರು. ಎರಡನೆಯ ಪಿಸ್ಟನ್ ತನ್ನ ಗೋಡೆಗೆ ಕಚ್ಚಿಕೊಂಡಿತ್ತು.

"ಎಷ್ಟು ಗಂಟೆ ಓಡ್ತು ಸಾರ್?"

"ಮೂವತ್ತು... ಮೂವತ್ತೈದು ಇರ್ಬೋದು ಅಣ್ಣ. ತಾನಾಗೇ ನಿಂತುಹೋಯ್ತು."

ಅವರು ನನ್ನ ಕೈ ಹಿಡಿದು, ಹಾಳಾಗದೆ ಉಳಿದಿದ್ದ ಮೊದಲನೆಯ ಸಿಲಿಂಡರಿನ ಒಳಗೋಡೆಯ ಮೇಲೆ ಬೆರಳು ಇಡಿಸಿದರು. "ಬಲೆ ತರ ಗೆರೆ ಇದೆಯಲ್ಲ, ಅದು ನಾನು ಹಾಕಿದ್ದು. ಮೂವತ್ತು ಗಂಟೆ ಓಡಿದ್ರೆ ಅದರ ಚೂಪು ಹೋಗಿರ್ಬೇಕು. ನೋಡಿ, ಇನ್ನೂ ಉಗುರಿಗೆ ಸಿಗುತ್ತೆ."

ನಾನು ಬೆರಳು ತೆಗೆದೆ. "ಒಂಬತ್ತು," ಎಂದೆ.

"ಸ್ಕ್ರೂ?"

"ಅರ್ಧ ಸುತ್ತು."

ಅವರು ಬಹಳ ಹೊತ್ತು ಹಳೇ ಬಟ್ಟೆಯಲ್ಲಿ ಕೈ ಒರೆಸಿಕೊಂಡರು. "ಹಾಳಾಗಿದ್ದು ಸರಿ ಮಾಡ್ಬೋದು ಸಾರ್. ನನ್ನ ಕೆಲಸಾನೇ ಅದು. ಆದ್ರೆ ನೀವು ಗಂಟೆ ತಪ್ಪು ಹೇಳಿದ್ರೆ ನಾನು ತಪ್ಪು ಜಾಗದಲ್ಲಿ ಹುಡುಕ್ತಾ ಇರ್ತೀನಿ. ರಾತ್ರಿಯೆಲ್ಲ ನಿದ್ದೆ ಇಲ್ಲ ನಂಗೆ. ನನ್ನ ಕೈ ತಪ್ಪಿತಾ, ವಯಸ್ಸಾಯ್ತಾ ಅಂತ." ಟಾರ್ಚು ಆರಿಸಿ ಕೇಳಿದರು: "ಅಕ್ಕಂಗೆ ಹೇಳಿದ್ರಾ?"

"ಇಲ್ಲ."

"ಮೊದಲು ಅಲ್ಲಿ ಹೋಗಿ ಹೇಳಿ ಬನ್ನಿ. ಆಮೇಲೆ ನಾನು ಸ್ಪ್ಯಾನರ್ ಹಿಡೀತೀನಿ."

ಇನ್ನು ನಾಲ್ಕು ದಿನಕ್ಕೆ ನಾಲೆಗೆ ನೀರು ಬಿಡುವುದಾಗಿ ತಿಳಿಸಿಯಾಗಿತ್ತು. ಅಕ್ಕ ಸಸಿ ಮಡಿಯಲ್ಲಿ ಕೂತು ಕಳೆ ಕೀಳುತ್ತಿದ್ದಳು. ನಾನು ಬದುವಿನ ಮೇಲೆ ನಿಂತು ಎಲ್ಲವನ್ನೂ ಹೇಳಿದೆ. ಗೊಬ್ಬರದ ಟ್ರೈಲರ್, ಒಂಬತ್ತು ಗಂಟೆ, ಅರ್ಧ ಸುತ್ತು, ಆರ್ಮುಗಣ್ಣನಿಗೆ ಹೇಳಿದ ಸುಳ್ಳು. ಅವಳ ಕೈ ನಿಲ್ಲಲಿಲ್ಲ. ಕಿತ್ತ ಕಳೆಯನ್ನು ಬುಟ್ಟಿಗೆ ಹಾಕುತ್ತಲೇ ಇದ್ದಳು. ನಾನು ಹೇಳಿ ಮುಗಿಸಿದ ಮೇಲೆ ಎದ್ದು, ಸೊಂಟ ನೆಟ್ಟಗೆ ಮಾಡಿಕೊಂಡಳು.

"ಆ ಏರು ಕಂಡ್ರೆ ನಿಂಗೆ ಯಾಕೋ ಅಷ್ಟು ನಾಚಿಕೆ?"

"ಎಲ್ರೂ ನಗ್ತಿದ್ರಲ್ಲ ಅಕ್ಕ."

"ನಂಗೆ ಯಾರು ನಕ್ಕಿದ್ದೂ ನೆನಪಿಲ್ಲ," ಎಂದಳು. "ಅಪ್ಪ ಕೂಗ್ತಿದ್ದಿದ್ದು ನೆನಪಿದೆ. 'ಗಿರಿಜಾ, ಕಲ್ಲು!' ಅಂತಿದ್ರು. ಇಳಿದು ಓಡಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಡೋಳು ನಾನು. ಒಂದು ಗಳಿಗೆ ತಡ ಆಗಿದ್ರೆ ಟ್ರೈಲರ್ ಹಿಂದಕ್ಕೆ ಉರುಳಿ ಬಸ್ಸಿಗೆ ಬಡೀತಿತ್ತು. ಅಷ್ಟು ಜನರೊಳಗೆ ಅಪ್ಪ ನಂಬ್ತಿದ್ದಿದ್ದು ನನ್ನೊಬ್ಬಳನ್ನೇ ಕಣೋ. ಆ ಏರು ಇರದೇ ಹೋಗಿದ್ರೆ ಈ ಟ್ರ್ಯಾಕ್ಟರ್ ಹತ್ತಿರಕ್ಕೂ ಅವರು ನನ್ನ ಬಿಟ್ಕೊಳ್ತಿರಲಿಲ್ಲ."

ನಾನು ಟವಲಿನ ಒಳಗಿದ್ದೆ. ಅಕ್ಕನ ಕೈಯಲ್ಲಿ ಕಲ್ಲಿದ್ದದ್ದನ್ನು ಒಂದು ದಿನವೂ ನೋಡಿರಲಿಲ್ಲ.

"ಈಗ ಆಗಿದ್ದು ಆಯ್ತು," ಎಂದಳು. "ನಾನು ಹೋಗಿ ನಂದೀಶನ ಸರದೀಲಿ ನಿಲ್ತೀನಿ. ಅವನಾದ್ರೂ ಏನು ಮಾಡ್ತಾನೆ, ಊರಿಗೆಲ್ಲ ಒಬ್ಬನೇ. ನೀನು ಸೋಮವಾರ ಎದ್ದು ಕಾಲೇಜಿಗೆ ಹೋಗ್ತೀಯ. ಅದೇ ನಂಗೆ ಸಿಟ್ಟು." ಮತ್ತೆ ಕೂತು ಕಳೆ ಕೀಳತೊಡಗಿದಳು.

ನೀರು ಬಂತು. ಸುತ್ತಲಿನ ಗದ್ದೆಗಳೆಲ್ಲ ಕೆಸರಾಗಿ ಹೊಳೆಯುತ್ತಿದ್ದರೆ ಅಕ್ಕನ ಗದ್ದೆ ಮಾತ್ರ ನೀರು ನಿಲ್ಲಿಸಿಕೊಂಡು ಸುಮ್ಮನೆ ಕಾಯುತ್ತಿತ್ತು. ಅವಳ ಸರದಿ ಬಂದದ್ದು ಹತ್ತು ಹನ್ನೆರಡು ದಿನದ ಮೇಲೆ. ಅಷ್ಟರಲ್ಲಿ ಮಡಿಯಲ್ಲಿ ಸಸಿ ಬಲಿತು ತುದಿ ಹಳದಿಯಾಗಿತ್ತು. ನಾಟಿಯ ದಿನ ನಾನೂ ಕೆಸರಿಗೆ ಇಳಿದೆ. ನಾನು ನೆಟ್ಟ ಸಾಲು ಸೊಟ್ಟಗಿದ್ದದ್ದನ್ನು ನಾಟಿಯ ಹೆಂ‌ಗಸರು ಕಿತ್ತು ಮತ್ತೆ ನೆಟ್ಟರು. ಅಕ್ಕ ಬೈಯಲಿಲ್ಲ, ಮಾತಾಡಲೂ ಇಲ್ಲ.

ಅಕ್ಕ ಹೇಳಿದ್ದ ಆ ಸೋಮವಾರ ಮಾತ್ರ ನಾನು ಕಾಲೇಜಿಗೆ ಹೋಗಿರಲಿಲ್ಲ. ಉಳಿದಿದ್ದ ರಜೆಯನ್ನೆಲ್ಲ ಬರೆದುಕೊಟ್ಟು ಶೆಡ್ಡಿಗೆ ಹೋಗಿದ್ದೆ. ಹೇಳುವ ಮೊದಲೇ ಪೇಸ್ಟಿನ ಡಬ್ಬಿ ತೆಗೆದುಕೊಂಡು ಆರೂ ವಾಲ್ವುಗಳನ್ನು ಮತ್ತೆ ತಿಕ್ಕಲು ಕೂತೆ. ಆರ್ಮುಗಣ್ಣ ಎರಡನೆಯ ಸಿಲಿಂಡರಿಗೆ ಹೊಸ ಗೋಡೆ, ಹೊಸ ಪಿಸ್ಟನ್ ಕೂರಿಸಿದರು.

"ಅಣ್ಣ, ಮೂವತ್ತೈದಕ್ಕೇ ಇಳಿಸಿಬಿಡಿ," ಎಂದೆ.

"ಯಾಕೆ? ತಪ್ಪು ಕುದುರೇದಾ?" ಎಂದರು. "ನಲವತ್ತೆರಡೇ ಇರ್ಲಿ. ಆದ್ರೆ ಐವತ್ತು ಗಂಟೇನೂ ಸೀಟಲ್ಲಿ ನೀವೇ ಕೂರ್ಬೇಕು. ಬೇರೆ ಯಾರೂ ಕೂರಂಗಿಲ್ಲ."

ಐವತ್ತು ಗಂಟೆ! ನೀವು ಎಂದಾದರೂ ಕೆಲಸವಿಲ್ಲದೆ ಐವತ್ತು ಗಂಟೆ ಟ್ರ್ಯಾಕ್ಟರ್ ಓಡಿಸಿದ್ದೀರಾ? ಗದ್ದೆಯಲ್ಲಿ ಪೈರು, ಇಳಿಯುವಂತಿಲ್ಲ. ಖಾಲಿ ಟ್ರೈಲರ್ ಕಟ್ಟಿಕೊಂಡು ನಾಲೆಯ ಪಕ್ಕದ ಮಣ್ಣುರಸ್ತೆಯಲ್ಲಿ ಹೋಗುವುದು, ತಿರುಗಿಸಿಕೊಂಡು ಬರುವುದು. ಗಂಟೆ ತೋರಿಸುವ ಮೀಟರ್ ಅಪ್ಪನ ಕಾಲದಲ್ಲೇ ಸತ್ತಿತ್ತು. ಕಾಲೇಜಿನಿಂದ ತಂದ ಸೀಮೆಸುಣ್ಣದಲ್ಲಿ ಮಡ್‌ಗಾರ್ಡಿನ ಮೇಲೆ ಗಂಟೆಗೊಂದು ಗೆರೆ ಎಳೆದೆ. ಮಳೆ ಬಂದು ಗೆರೆಗಳು ತೊಳೆದುಹೋದ ದಿನ, ಹದಿಮೂರೋ ಹದಿನಾಲ್ಕೋ ಎಂದು ಸಂಶಯ ಬಂದಾಗ, ಹದಿಮೂರು ಎಂದೇ ಬರೆದುಕೊಂಡೆ.

ಭಾನುವಾರಗಳು ಅಲ್ಲೇ ಹೋದವು, ಸಂಜೆಗಳು ಹೋದವು. ಎದುರಾದವರು ಕೇಳುತ್ತಿದ್ದರು:

"ಎಲ್ಲಿಗೆ ಹೊರಟ್ರಿ ಮೇಷ್ಟ್ರೇ?"

"ಎಲ್ಲಿಗೂ ಇಲ್ಲ."

"ಏನು ತರಕ್ಕೆ?"

"ಏನೂ ಇಲ್ಲ."

ಆ ಕಡೆ ಹೋಗುವಾಗ ಕೇಳಿದವರೇ ಈ ಕಡೆ ಬರುವಾಗ ಸುಮ್ಮನೆ ನಿಂತು ನೋಡುತ್ತಿದ್ದರು. ಸುದ್ದಿ ವಿನೋಬನಗರದವರೆಗೂ ಹೋಗಿ, ದೇವಸ್ಥಾನದಲ್ಲಿ ಯಾರೋ ನನ್ನ ಹೆಂಡತಿಯನ್ನು ಪಕ್ಕಕ್ಕೆ ಕರೆದು, "ನಿಮ್ಮನೆಯವರು ಆರಾಮಾಗಿದಾರಾ?" ಎಂದು ವಿಚಾರಿಸಿದರಂತೆ.

ಸಹನೆ ಕಲಿತೆ ಎಂದು ಹೇಳಿದರೆ ಅದೂ ಸುಳ್ಳಾಗುತ್ತದೆ. ಕೈ ಆಕ್ಸಿಲರೇಟರಿನ ಕಡೆ ಹೋಗುತ್ತಿತ್ತು. ಅದನ್ನು ನನ್ನ ಇನ್ನೊಂದು ಕೈ ಹಿಡಿಯುತ್ತಿತ್ತು. ಕರೆಂಟು ಕಂಬ ಎಣಿಸಿದೆ, ಹತ್ತೊಂಬತ್ತರ ಮಗ್ಗಿ ಹೇಳಿದೆ, ವಿದ್ಯಾರ್ಥಿಗಳ ಹಾಜರಿ ಪಟ್ಟಿಯನ್ನು ಬಾಯಿಪಾಠದಿಂದ ಕೂಗಿದೆ. ಯಾವ ಗಂಟೆಯೂ ಅರವತ್ತು ನಿಮಿಷಕ್ಕೆ ಮುಗಿಯಲಿಲ್ಲ. ಆದರೆ ಮೂವತ್ತನೆಯ ಗಂಟೆಯ ಆಸುಪಾಸಿನಲ್ಲಿ ಎಂಜಿನ್ನಿನ ದನಿಯೊಳಗಿದ್ದ ಒಂದು ಬಿಗಿ ಸಡಿಲವಾಯಿತು. ಹೊಸ ಚಪ್ಪಲಿ ಕಾಲಿಗೆ ಹೊಂದಿಕೊಂಡಂತೆ. ಅದು ಕೇಳಿಸಿತಲ್ಲ ಎಂದು ನನಗೇ ಆಶ್ಚರ್ಯ. ಪೈರಿನ ನಡುವೆ ನಿಂತಿದ್ದ ಅಕ್ಕನೂ ತಲೆಯೆತ್ತಿ ಈ ಕಡೆ ನೋಡಿದಳು. ಅವತ್ತು ಸಂಜೆ ಎಷ್ಟೋ ದಿನಗಳ ಮೇಲೆ ಅವಳಾಗಿ ಮಾತಾಡಿದಳು: "ಕಾಫಿ ಆರುತ್ತೆ, ಬಾರೋ."

ಫಸಲು ಬಂದಾಗ ಮೂಟೆ ಕಡಿಮೆಯೇ ಆಗಿದ್ದವು. ಬಲಿತ ಸಸಿಯ ಪೈರಿಗೆ ತೆನೆ ತುಂಬಲಿಲ್ಲ. ಖಾಲಿ ಉಳಿದ ಚೀಲಗಳನ್ನು ಅಕ್ಕ ಮಡಿಚಿ ಮೂಲೆಯಲ್ಲಿ ಇಡುವುದನ್ನು ನಾನೇ ನೋಡಿದೆ. ಆದರೂ ಪಕ್ಕದ ಗದ್ದೆಯವರ ಭತ್ತವನ್ನೂ ಹಾಕಿಕೊಂಡದ್ದರಿಂದ ಟ್ರೈಲರ್ ತುಂಬಿತು.

ಲೋಡು ಹೊರಡುವ ದಿನ ಆರ್ಮುಗಣ್ಣನನ್ನು ಊಟಕ್ಕೆ ಕರೆದಿದ್ದೆವು. ಎಂಜಿನ್ ಭಾರ ಎಳೆಯುವಾಗಿನ ದನಿಯನ್ನು ತಾನೇ ಕೇಳಬೇಕು ಎಂದಿದ್ದರು. ಆ ಉದ್ದದ ಸ್ಕ್ರೂಡ್ರೈವರನ್ನೂ ತಂದಿದ್ದರು. ಅಕ್ಕ ರೊಟ್ಟಿ, ಎಣ್ಣೆಗಾಯಿ ಬಡಿಸಿದಳು. ಊಟವಾದ ಮೇಲೆ ಅವಳು ಸೀಟು ಹತ್ತಿದಳು. ನಾನೂ ಆರ್ಮುಗಣ್ಣನೂ ಮೂಟೆಗಳ ಮೇಲೆ ಕೂತೆವು.

ಏರು ಹತ್ತಿರವಾಯಿತು. ಅಕ್ಕ ಗೇರು ಇಳಿಸಿದಳು. ಎಂಜಿನ್ ದನಿ ಆಳಕ್ಕೆ ಹೋಯಿತು, ಒಂದೇ ಸಮ ಎಳೆಯಿತು. ಕಪ್ಪು ಹೊಗೆಯಿಲ್ಲ, ಏದುಸಿರಿಲ್ಲ. ನಿಲ್ಲುತ್ತಿದ್ದ ಜಾಗ ಬಂತು, ಹೋಯಿತು. ಸೇತುವೆ ಬಂತು. ಕೆಳಗೆ ನಾಲೆಯ ನೀರು ಹೊಳೆಯುತ್ತಿತ್ತು. ಇಷ್ಟೇನಾ ಎನ್ನಿಸುವಷ್ಟು ಬೇಗ ಮುಗಿದುಹೋಯಿತು. ಹಿಂತಿರುಗಿ ನೋಡಿದೆ. ರಸ್ತೆ ಖಾಲಿ. ಬಸ್ಸಿಲ್ಲ, ನಂದೀಶನಿಲ್ಲ, ನೋಡಿದವರು ಯಾರೂ ಇಲ್ಲ.

"ಅಣ್ಣಾ, ಹತ್ತಿತು!" ಎಂದು ಪಕ್ಕಕ್ಕೆ ತಿರುಗಿದೆ.

ಆರ್ಮುಗಣ್ಣ ಸ್ಕ್ರೂಡ್ರೈವರನ್ನು ಎದೆಯ ಮೇಲೆ ಇಟ್ಟುಕೊಂಡು, ಬಾಯಿ ಅರೆತೆರೆದು, ಗಾಢ ನಿದ್ದೆಯಲ್ಲಿದ್ದರು. ಏರು ಶುರುವಾಗುವ ಮೊದಲೇ ಮಲಗಿದ್ದರೋ, ಏರಿನ ದನಿ ಕೇಳಿ ನೆಮ್ಮದಿಯಾಗಿ ಮಲಗಿದರೋ ಗೊತ್ತಾಗಲಿಲ್ಲ.

"ಅಕ್ಕಾ!" ಎಂದು ಕೂಗಿದೆ.

ಅವಳು ಹಿಂತಿರುಗಿ ಅವರನ್ನು ನೋಡಿದಳು. "ಎಬ್ಬಿಸ್ಬೇಡ," ಎಂದಳು. "ಉರುಳಿ ಬಿದ್ದಾರು, ಹಿಡ್ಕೋ."

ನಾನು ಆರ್ಮುಗಣ್ಣನ ಅಂಗಿಯ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ. ಮಿಲ್ಲು ಬರುವವರೆಗೂ, ಅವರ ನಿದ್ದೆ ಕೆಡಬಾರದೆಂದು, ಹಾಗೇ ಕೂತಿದ್ದೆ.